ಮಾತ್ರೆ, ಮಶೇರಿ ಮತ್ತು ಹಾಲುಹಲ್ಲು

ಥಾಣೆಯ ವಾಗ್ಳೆ ಎಸ್ಟೇಟ್ ಒಂದು ಕಾಲಕ್ಕೆ ಬರೀ ಕಾರ್ಖಾನೆಗಳ ಪ್ರದೇಶವಾಗಿತ್ತು. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಜನರ ಬಾಯಲ್ಲಿ ಎಂಐಡಿಸಿ, 1962ರಲ್ಲಿ ಶುರುವಾದಾಗ ಅದರ ಕೈಗೆ ಬಂದ ಮೊದಮೊದಲ ಪ್ರದೇಶಗಳಲ್ಲಿ ಇದೂ ಒಂದು. ಆಗಿನ ಶೆಡ್ಡುಗಳಲ್ಲಿ ಕೆಲವು ಇನ್ನೂ ಉಳಿದಿವೆ. ಹಲವು ಮುಚ್ಚಿದವು, ಆ ಜಾಗದಲ್ಲಿ ಗಾಜಿನ ಮೈಯ ಐಟಿ ಪಾರ್ಕುಗಳು, ರಾತ್ರಿ ಪಾಳಿಯ ಕಾಲ್ ಸೆಂಟರುಗಳು, ಪಾಸ್‌ಪೋರ್ಟ್ ಕಚೇರಿ ಬಂದವು. ಕಾರ್ಮಿಕರ ವಿಮಾ ಆಸ್ಪತ್ರೆ ಅಲ್ಲೇ ಇದೆ. ಪಕ್ಕದ ಕಿಸಾನ್ ನಗರ, ಇಂದಿರಾ ನಗರಗಳ ಚಾಳುಗಳೂ ಕಿಕ್ಕಿರಿದ ಮನೆಗಳೂ ಹಾಗೇ ಇವೆ. ಉಡುಪಿ ಕಡೆಯ ಹೋಟೆಲಿನವರು, ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಬೆಂಗಳೂರಿನಿಂದ ವರ್ಗವಾಗಿ ಬಂದ ಐಟಿ ನೌಕರರು, ಹೀಗೆ ಕನ್ನಡ ಮಾತಾಡುವವರೂ ಇಲ್ಲಿ ಹಲವು ಬಗೆಯವರು.

ಈ ಜಾಗದಲ್ಲಿ ನಾಲ್ಕು ತಿಂಗಳ ಇಬ್ಬರು ಗರ್ಭಿಣಿಯರನ್ನು ಕಲ್ಪಿಸಿಕೊಳ್ಳಬಹುದು. ಒಬ್ಬಾಕೆ ಐಟಿ ಪಾರ್ಕಿನ ಆರನೇ ಮಹಡಿಯಲ್ಲಿ ಕೆಲಸ ಮಾಡುವವಳು. ಮೂವತ್ತು ದಾಟಿದ ಮೇಲೆ ಆಕೆಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ಸಮಸ್ಯೆ ಇದೆಯೆಂದು ಗೊತ್ತಾಗಿದೆ. ಮನೋವೈದ್ಯರು ಮೀಥೈಲ್‌ಫೆನಿಡೇಟ್ ಬರೆದುಕೊಟ್ಟಿದ್ದಾರೆ. ಅದು ಮಿದುಳನ್ನು ಚುರುಕುಗೊಳಿಸುವ ಉತ್ತೇಜಕ ಔಷಧ. ಇನ್ನೊಬ್ಬಾಕೆ ಅದೇ ಕಟ್ಟಡದ ನೆಲ ಒರೆಸಲು ಬರುವವಳು. ಬೆಳಿಗ್ಗೆ ಎದ್ದು, ತವಾದ ಮೇಲೆ ಕಪ್ಪಗೆ ಹುರಿದು ಪುಡಿ ಮಾಡಿದ ಹೊಗೆಸೊಪ್ಪನ್ನು ಬೆರಳಿನಿಂದ ಹಲ್ಲಿಗೆ ಉಜ್ಜುತ್ತಾಳೆ. ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಮತ್ತೆ ಉಜ್ಜುತ್ತಾಳೆ. ಇದಕ್ಕೆ ಮಹಾರಾಷ್ಟ್ರದಲ್ಲಿ ಮಶೇರಿ ಅನ್ನುತ್ತಾರೆ, ಕೆಲವೆಡೆ ಮಿಶ್ರಿ.

ಇಬ್ಬರ ಮೈಯಲ್ಲೂ ದಿನಾ ಒಂದು ಉತ್ತೇಜಕ ಓಡಾಡುತ್ತಿದೆ. ಇಬ್ಬರ ಹೊಟ್ಟೆಯಲ್ಲೂ ಮಗುವಿನ ಹಾಲುಹಲ್ಲುಗಳಿಗೆ ಸುಣ್ಣದ ಅಂಶ ಸೇರಲು ಶುರುವಾಗುವ ಹೊತ್ತು. ಮೊದಲನೆಯವಳು ರಾತ್ರಿ ಫೋನ್ ಹಿಡಿದು 'ಈ ಮಾತ್ರೆಯಿಂದ ಮಗುವಿನ ಹಲ್ಲು ಕೆಡುತ್ತದೆಯೇ' ಎಂದು ಹುಡುಕುತ್ತಾಳೆ, ಹೆದರಿ ಮಾತ್ರೆಯನ್ನು ತಾನೇ ನಿಲ್ಲಿಸಿಬಿಡುವ ಸಾಧ್ಯತೆಯೂ ಇದೆ. ಎರಡನೆಯವಳು ಏನನ್ನೂ ಹುಡುಕುವುದಿಲ್ಲ, ಆಕೆಯನ್ನು ಯಾರೂ ಏನೂ ಕೇಳುವುದೂ ಇಲ್ಲ. ಇದ್ದ ಅಪಾಯವನ್ನು ನೋಡದೆ, ಸಾಬೀತಾಗದ ಅಪಾಯಕ್ಕೆ ಹೆದರುವ ಈ ಸ್ಥಿತಿಯನ್ನು ಆರೋಗ್ಯ ವ್ಯವಸ್ಥೆ ಸರಿಪಡಿಸಬಹುದು. ಅದಕ್ಕೆ ಹೊಸ ಯಂತ್ರ ಬೇಡ, ಹೊಸ ಯೋಜನೆಯೂ ಬೇಡ. ಮೂರ್ನಾಲ್ಕು ಪ್ರಶ್ನೆ ಕೇಳುವ ಅಭ್ಯಾಸ ಸಾಕು.

ಮೊದಲು ಹಲ್ಲಿನ ವಿಚಾರ. ಮಗುವಿನ ಮೊದಲ ಹಲ್ಲು ಕಾಣಿಸುವುದು ಆರೇಳು ತಿಂಗಳಿಗಾದರೂ ಅದರ ಕೆಲಸ ಶುರುವಾಗುವುದು ಗರ್ಭದ ಆರನೇ ವಾರದ ಹೊತ್ತಿಗೆ. ಬಾಯಿಯ ಒಳಪದರ ಅಲ್ಲಲ್ಲಿ ದಪ್ಪಗಾಗಿ, ಕೆಳಗಿನ ಪದರದೊಳಕ್ಕೆ ಮೊಗ್ಗಿನಂತೆ ಇಳಿಯುತ್ತದೆ. ಮೊಗ್ಗು ಟೋಪಿಯ ಆಕಾರಕ್ಕೆ ಬರುತ್ತದೆ, ಟೋಪಿ ಗಂಟೆಯ ಆಕಾರಕ್ಕೆ. ಸುಮಾರು 14ನೇ ವಾರಕ್ಕೆ ಮುಂದಿನ ಬಾಚಿಹಲ್ಲುಗಳಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಗಟ್ಟಿಯಾಗತೊಡಗುತ್ತವೆ. ಆರನೇ ತಿಂಗಳ ಹೊತ್ತಿಗೆ ಇಪ್ಪತ್ತೂ ಹಾಲುಹಲ್ಲುಗಳಲ್ಲಿ ಈ ಕೆಲಸ ಶುರುವಾಗಿರುತ್ತದೆ. ಶಾಶ್ವತ ಹಲ್ಲುಗಳಲ್ಲಿ ಮೊದಲ ದವಡೆಹಲ್ಲು ಗಟ್ಟಿಯಾಗತೊಡಗುವುದು ಹೆಚ್ಚುಕಡಿಮೆ ಹುಟ್ಟಿನ ಸಮಯಕ್ಕೆ. ಅಂದರೆ ಗರ್ಭದಲ್ಲಿ ನಡೆಯುವ ಏರುಪೇರು ಮುಖ್ಯವಾಗಿ ಹಾಲುಹಲ್ಲಿಗೆ ತಟ್ಟುತ್ತದೆ.

ಹಲ್ಲಿನ ಹೊರಕವಚವಾದ ಎನಾಮೆಲ್‌ಗೆ ಒಂದು ವಿಶೇಷವಿದೆ. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಹೊರಬರುವ ಹೊತ್ತಿಗೆ ಇಲ್ಲವಾಗುತ್ತವೆ. ಮೂಳೆ ಮುರಿದರೆ ಕೂಡುತ್ತದೆ, ಚರ್ಮ ಸುಲಿದರೆ ಮತ್ತೆ ಬರುತ್ತದೆ. ಎನಾಮೆಲ್ ಒಮ್ಮೆ ತೆಳ್ಳಗಾಗಿ ಅಥವಾ ಮೆತ್ತಗಾಗಿ ರೂಪುಗೊಂಡರೆ ದೇಹ ಅದನ್ನು ಮತ್ತೆ ಕಟ್ಟುವುದಿಲ್ಲ. ಎನಾಮೆಲ್ ಪದರಪದರವಾಗಿ ಬೆಳೆಯುವುದರಿಂದ ಬೆಳೆಯುವಾಗಿನ ಕಷ್ಟಕಾಲದ ಗುರುತು ಅದರಲ್ಲಿ ಉಳಿಯುತ್ತದೆ. ಹುಟ್ಟಿನ ದಿನದ ಬದಲಾವಣೆಯೇ ಹಾಲುಹಲ್ಲಿನಲ್ಲಿ ಒಂದು ಗೆರೆಯಾಗಿ ನಿಂತಿರುತ್ತದೆ. ಸೂಕ್ಷ್ಮದರ್ಶಕದಡಿ ನೋಡಿದರೆ ಆ ಗೆರೆಗಿಂತ ಒಳಗಿನದು ಗರ್ಭದಲ್ಲಿ ಬೆಳೆದದ್ದು, ಹೊರಗಿನದು ಆಮೇಲಿನದು ಎಂದು ಬೇರೆ ಮಾಡಬಹುದು.

ತಾಯಿ ನುಂಗಿದ ಔಷಧ ಮಗುವಿನ ಹಲ್ಲಿಗೆ ತಟ್ಟಬಹುದೆಂಬ ಭಯಕ್ಕೆ ಇತಿಹಾಸದಲ್ಲಿ ಆಧಾರವಿದೆ. ಟೆಟ್ರಾಸೈಕ್ಲಿನ್ ಎಂಬ ಪ್ರತಿಜೀವಕ ಬಂದಾಗ ಅದನ್ನು ಗರ್ಭಿಣಿಯರಿಗೂ ಮಕ್ಕಳಿಗೂ ಧಾರಾಳವಾಗಿ ಕೊಡುತ್ತಿದ್ದರು. 1950ರ ದಶಕದ ಕೊನೆಗೆ ಮಕ್ಕಳ ಹಲ್ಲು ಹಳದಿ, ಕಂದು ಬಣ್ಣಕ್ಕೆ ತಿರುಗುತ್ತಿರುವುದು ವೈದ್ಯರ ಕಣ್ಣಿಗೆ ಬಿತ್ತು. ಆ ಔಷಧ ಕ್ಯಾಲ್ಸಿಯಂಗೆ ಅಂಟಿಕೊಳ್ಳುತ್ತದೆ, ಕ್ಯಾಲ್ಸಿಯಂ ಜತೆಗೇ ಹೋಗಿ ಹಲ್ಲಿನೊಳಗೆ ಕೂರುತ್ತದೆ. ಹಾಗಾಗಿ ನಾಲ್ಕನೇ ತಿಂಗಳಿನಿಂದಾಚೆ ಅದನ್ನು ಗರ್ಭಿಣಿಯರಿಗೆ ಕೊಡಬಾರದೆಂಬ ನಿಯಮ ಬಂತು. ಇಲ್ಲಿ ಗಮನಿಸಬೇಕಾದದ್ದು ಇದು: ಆ ಮಕ್ಕಳ ಹಲ್ಲಿನ ಕಲೆಗೆ ತಾಯಂದಿರು ಹೊಣೆಯಾಗಿರಲಿಲ್ಲ. ಅವರು ವೈದ್ಯರು ಹೇಳಿದ್ದನ್ನು ನುಂಗಿದ್ದರು. ಕಲೆ ಯಾಕೆ ಬಂತೆಂದು ಗೊತ್ತಾಗಿದ್ದೂ ಯಾರೋ ಮಕ್ಕಳ ಬಾಯಿ ನೋಡಿ, ತಾಯಿಯನ್ನು ಕೇಳಿ, ಬರೆದಿಟ್ಟದ್ದರಿಂದ.

ಹಾಗಾದರೆ ಎಡಿಎಚ್‌ಡಿಯ ಉತ್ತೇಜಕ ಮಾತ್ರೆ? ಅದು ಟೆಟ್ರಾಸೈಕ್ಲಿನ್‌ನಂತೆ ಕ್ಯಾಲ್ಸಿಯಂ ಹಿಡಿದು ಹಲ್ಲಿನಲ್ಲಿ ಕೂರುವ ಔಷಧವಲ್ಲ. ಹಲ್ಲಿನ ಬಗ್ಗೆ ಪ್ರಶ್ನೆ ಏಳುವುದು ಬೇರೆ ದಾರಿಗಳಿಂದ. ಇಂಥ ಔಷಧಗಳು ಮಿದುಳಿನಲ್ಲಿ ಡೋಪಮಿನ್, ನಾರ್‌ಅಡ್ರಿನಲಿನ್‌ಗಳ ಪ್ರಭಾವ ಹೆಚ್ಚಿಸುತ್ತವೆ. ರಕ್ತನಾಳಗಳನ್ನು ಸ್ವಲ್ಪ ಬಿಗಿಯಾಗಿಸಬಲ್ಲವು, ರಕ್ತದೊತ್ತಡ ಏರಿಸಬಲ್ಲವು, ಹಸಿವು ಕುಗ್ಗಿಸುತ್ತವೆ. ತಾಯಿ ಸರಿಯಾಗಿ ಉಣ್ಣದಿದ್ದರೆ, ಮಾಸಿನ ಕಡೆ ಹರಿಯುವ ರಕ್ತ ಕಡಿಮೆಯಾದರೆ, ಮಗು ತೂಕ ಕಡಿಮೆಯಾಗಿ ಅಥವಾ ದಿನ ತುಂಬುವ ಮೊದಲೇ ಹುಟ್ಟಿದರೆ ಅದರ ಎನಾಮೆಲ್ ದೋಷಕ್ಕೆ ಒಳಗಾಗುವ ಸಾಧ್ಯತೆ ಹೆಚ್ಚು. ಈ ಕೊನೆಯ ಕೊಂಡಿಗೆ, ಅಂದರೆ ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿರುವ ಮಕ್ಕಳಲ್ಲಿ ಎನಾಮೆಲ್ ದೋಷ ಹೆಚ್ಚು ಎಂಬುದಕ್ಕೆ ಹಲವು ದೇಶಗಳ ಅಧ್ಯಯನಗಳ ಬೆಂಬಲವಿದೆ. ಆದರೆ ಮಾತ್ರೆಯಿಂದ ಹಿಡಿದು ಹಲ್ಲಿನವರೆಗಿನ ಇಡೀ ಸರಪಳಿಯನ್ನು ಮನುಷ್ಯರಲ್ಲಿ ಯಾರೂ ಸಾಬೀತು ಮಾಡಿಲ್ಲ.

ಈ ಔಷಧದ ಬಗ್ಗೆ ದೊಡ್ಡ ಪ್ರಮಾಣದಲ್ಲಿ ನೋಡಿದ್ದು ಬೇರೆ ಅಂಗಗಳನ್ನು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ ಸುಮಾರು 18 ಲಕ್ಷ ಗರ್ಭಧಾರಣೆಗಳನ್ನೂ, ಜತೆಗೆ ನಾರ್ವೆ, ಸ್ವೀಡನ್ ಮೊದಲಾದ ನಾರ್ಡಿಕ್ ದೇಶಗಳ ದಾಖಲೆಗಳನ್ನೂ ಪರಿಶೀಲಿಸಿತು. ಮೊದಲ ಮೂರು ತಿಂಗಳಲ್ಲಿ ಮೀಥೈಲ್‌ಫೆನಿಡೇಟ್ ತೆಗೆದುಕೊಂಡವರ ಮಕ್ಕಳಲ್ಲಿ ಹೃದಯದ ದೋಷ ಸ್ವಲ್ಪ ಹೆಚ್ಚಿತ್ತು. ಆ ಔಷಧ ತೆಗೆದುಕೊಂಡ ಪ್ರತಿ 1000 ಮಹಿಳೆಯರಿಗೆ ಸುಮಾರು 3 ಮಕ್ಕಳಷ್ಟು ಹೆಚ್ಚಳ. ಆಂಫೆಟಮಿನ್ ಗುಂಪಿನ ಔಷಧಗಳಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. 3 ಎಂಬುದು ಸೊನ್ನೆಯಲ್ಲ, ಉಳಿದ 997 ಮಂದಿಯ ವಿಚಾರವೂ ಸಣ್ಣದಲ್ಲ. ಇಂಥ ಸಂಖ್ಯೆಯನ್ನು ಎದುರಿಗಿಟ್ಟು, ಮಾತ್ರೆ ಬಿಟ್ಟರೆ ಆಕೆಯ ಬದುಕು ಏನಾಗುತ್ತದೆ ಎಂಬುದನ್ನೂ ಪಕ್ಕದಲ್ಲಿಟ್ಟು ವೈದ್ಯರೂ ಆಕೆಯೂ ಕೂತು ತೂಗಬೇಕು.

ಮಾತ್ರೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಮ್ಮಲ್ಲಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ಎಡಿಎಚ್‌ಡಿ ಎಂದರೆ ಮಕ್ಕಳ ತುಂಟತನ, ದೊಡ್ಡವರಲ್ಲಿ ಅದು ಸೋಮಾರಿತನಕ್ಕೆ ಇಟ್ಟ ಇಂಗ್ಲಿಷ್ ಹೆಸರು ಎಂಬ ಮಾತು ಈಗಲೂ ಇದೆ. ಕೆಲವರಿಗೆ ಇದು ತಡೆಯಬಹುದಾದ ತೊಂದರೆ, ಬಿಟ್ಟರೂ ಒಂಬತ್ತು ತಿಂಗಳು ಹೇಗೋ ಕಳೆದೀತು. ಇನ್ನು ಕೆಲವರಿಗೆ ಬಿಟ್ಟ ಮೇಲೆ ಕೆಲಸ ಉಳಿಸಿಕೊಳ್ಳುವುದು, ತೀನ್ ಹಾತ್ ನಾಕಾದ ಟ್ರಾಫಿಕ್ಕಿನಲ್ಲಿ ಗಾಡಿ ಓಡಿಸುವುದು, ತಪಾಸಣೆಯ ದಿನ ನೆನಪಿಟ್ಟುಕೊಳ್ಳುವುದು, ಕಬ್ಬಿಣದ ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗುವುದು ಎಲ್ಲವೂ ಕಷ್ಟ. ಅವರಲ್ಲಿ ಖಿನ್ನತೆಯೂ ಹೆಚ್ಚು. ಹಲ್ಲಿನ ಭಯಕ್ಕೆ ಒಬ್ಬಳು ಮಾತ್ರೆ ಬಿಟ್ಟು, ಹೆರಿಗೆಯ ನಂತರದ ಖಿನ್ನತೆಗೆ ಬಿದ್ದರೆ ಮಗುವಿನ ಹಲ್ಲಿಗೂ ಅದರಿಂದ ಒಳ್ಳೆಯದಾಗುವುದಿಲ್ಲ.

ಎಲ್ಲ ಉತ್ತೇಜಕಗಳೂ ಒಂದೇ ಅಲ್ಲ ಎಂಬುದನ್ನು ಈ ಪ್ರದೇಶದಲ್ಲಂತೂ ಒತ್ತಿ ಹೇಳಬೇಕು. ರಾತ್ರಿ ಪಾಳಿಯ ಕೆಲಸದವರು ಎಚ್ಚರವಾಗಿರಲು ಬಳಸುವ ಮಾತ್ರೆ ಮೊಡಾಫಿನಿಲ್. ಪಾಳಿ ಕೆಲಸದಿಂದ ನಿದ್ದೆ ಕೆಟ್ಟವರಿಗೆ ವೈದ್ಯರು ಬರೆದುಕೊಡುವ ಔಷಧವಿದು. ಚೀಟಿಯಿಲ್ಲದೆ ಕೊಡಬಾರದು, ಆದರೂ ಗೆಳೆಯರಿಂದ ಗೆಳೆಯರಿಗೆ ದಾಟುವುದುಂಟು. ಗರ್ಭದಲ್ಲಿ ಮಗುವಿನ ಅಂಗರಚನೆಗೆ ಹಾನಿಯಾಗುವ ಸಾಧ್ಯತೆ ಹೆಚ್ಚೆಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿತು. ಗರ್ಭನಿರೋಧಕ ಮಾತ್ರೆಯ ಪರಿಣಾಮವನ್ನೂ ಇದು ಕುಗ್ಗಿಸುತ್ತದೆ. ಅಂದರೆ ಬಸುರಾಗಲಾರೆ ಎಂದು ನಂಬಿಕೊಂಡವಳೇ ಬಸುರಾಗಬಹುದು, ಅದೂ ಈ ಮಾತ್ರೆ ಮೈಯಲ್ಲಿರುವಾಗಲೇ. ಎಡಿಎಚ್‌ಡಿ ಮಾತ್ರೆಯ ಬಗ್ಗೆ ಕೂತು ತೂಗಬೇಕು ಎನ್ನುವ ಮಾತು ಇದಕ್ಕೆ ಅನ್ವಯಿಸುವುದಿಲ್ಲ. ಮಗು ಬೇಕೆನ್ನುವವರು ವೈದ್ಯರಿಗೆ ತಿಳಿಸಿ ಮೊದಲೇ ನಿಲ್ಲಿಸಬೇಕಾದ ಔಷಧವಿದು.

ಇಷ್ಟು ವ್ಯತ್ಯಾಸ ಜನರಿಗೆ ತಲುಪದಿರಲು ಒಂದು ಕಾರಣ, ಉತ್ತೇಜಕ ಎಂಬ ಮಾತು ಕಿವಿಗೆ ಬೀಳುವುದೇ ಪೊಲೀಸ್ ಸುದ್ದಿಯಲ್ಲಿ. 2016ರಲ್ಲಿ ಥಾಣೆ ಪೊಲೀಸರು ಸೊಲ್ಲಾಪುರದ ಔಷಧ ಕಾರ್ಖಾನೆಯೊಂದರಿಂದ ಟನ್‌ಗಟ್ಟಲೆ ಎಫೆಡ್ರಿನ್ ವಶಪಡಿಸಿಕೊಂಡಾಗ ದೇಶದ ಪತ್ರಿಕೆಗಳೆಲ್ಲ ಅದನ್ನು ಬರೆದವು. ಎಫೆಡ್ರಿನ್‌ನಿಂದ ಮೆಥಾಂಫೆಟಮಿನ್ ಎಂಬ ಮಾದಕ ವಸ್ತು ತಯಾರಾಗುತ್ತದೆ. ಅದಕ್ಕೆ ಬಿದ್ದವರ ಹಲ್ಲು ಬುಡಸಮೇತ ಹಾಳಾಗಿರುವ ಚಿತ್ರಗಳನ್ನು ಫೋನಿನಲ್ಲಿ ಯಾರು ಬೇಕಾದರೂ ನೋಡಬಹುದು. ಮೀಥೈಲ್‌ಫೆನಿಡೇಟ್ ಕೂಡ 1985ರ ಮಾದಕ ದ್ರವ್ಯ ಕಾಯ್ದೆಯ ಅಡಿಯಲ್ಲೇ ಬರುತ್ತದೆ. ಔಷಧ ನಿಯಮಗಳ ಷೆಡ್ಯೂಲ್ ಎಕ್ಸ್ ಪ್ರಕಾರ ಅದರ ಚೀಟಿಯ ಒಂದು ಪ್ರತಿಯನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಕಾನೂನಿನ ಒಂದೇ ಮನೆಯಲ್ಲಿ ಇರುವುದರಿಂದ ಎರಡೂ ಒಂದೇ ಎಂದು ಓದುಗರು ತಿಳಿಯುತ್ತಾರೆ. ವೈದ್ಯರು ಹೇಳಿದ ಪ್ರಮಾಣದ ಮಾತ್ರೆ ನುಂಗುವವಳು ಆ ಚಿತ್ರ ನೋಡಿ ತನ್ನ ಮಗುವಿನ ಬಾಯನ್ನು ಕಲ್ಪಿಸಿಕೊಂಡರೆ ತಪ್ಪು ಆಕೆಯದಲ್ಲ.

ಮಾತ್ರೆಗೂ ಹಲ್ಲಿಗೂ ನಿಜವಾಗಿ ಗೊತ್ತಿರುವ ಒಂದು ಸಂಬಂಧವಿದೆ, ಅದು ತಾಯಿಯ ಹಲ್ಲಿನದು. ಉತ್ತೇಜಕ ಔಷಧ ಬಾಯನ್ನು ಒಣಗಿಸುತ್ತದೆ. ಕೆಲವರು ತಿಳಿಯದೆ ಹಲ್ಲು ಕಡಿಯತೊಡಗುತ್ತಾರೆ. ಜೊಲ್ಲು ಕಡಿಮೆಯಾದರೆ ಹುಳುಕು ಬೇಗ ಹತ್ತುತ್ತದೆ. ಗರ್ಭದಲ್ಲಿ ಹಾರ್ಮೋನುಗಳಿಂದ ವಸಡು ಊದಿಕೊಂಡು ರಕ್ತ ಬರುವುದು ಸಾಮಾನ್ಯ. ಬೆಳಗಿನ ವಾಂತಿಯ ಆಮ್ಲ ಅದಕ್ಕೆ ಸೇರುತ್ತದೆ. ತಾಯಿಯ ಬಾಯಿಯ ಹುಳುಕಿನ ಬ್ಯಾಕ್ಟೀರಿಯಾ ಮುಂದೆ ಚಮಚ ಹಂಚಿಕೊಂಡಾಗ, ತುತ್ತು ಕಚ್ಚಿ ಕೊಟ್ಟಾಗ ಮಗುವಿನ ಬಾಯಿಗೆ ದಾಟುತ್ತದೆ. ನಾಲ್ಕರಿಂದ ಆರನೇ ತಿಂಗಳ ನಡುವೆ ದಂತವೈದ್ಯರಲ್ಲಿಗೆ ಹೋಗಿ ಹಲ್ಲು ಸ್ವಚ್ಛ ಮಾಡಿಸಿ, ಹುಳುಕು ತುಂಬಿಸಿಕೊಂಡರೆ ತೊಂದರೆಯಿಲ್ಲ. ಆದರೂ ಬಸುರಿ ಹಲ್ಲಿನ ಡಾಕ್ಟರ ಹತ್ತಿರ ಹೋಗಬಾರದೆಂಬ ನಂಬಿಕೆ ಗಟ್ಟಿಯಾಗಿದೆ. ಕೆಲವು ದಂತವೈದ್ಯರೇ 'ಹೆರಿಗೆ ಆದ ಮೇಲೆ ಬನ್ನಿ' ಎಂದು ಕಳಿಸುತ್ತಾರೆ.

ಈಗ ಎರಡನೆಯವಳ ಕಡೆ ನೋಡಬೇಕು. ಮಶೇರಿಯಲ್ಲಿರುವುದು ನಿಕೋಟಿನ್. ಅದೂ ಉತ್ತೇಜಕವೇ, ರಕ್ತನಾಳ ಬಿಗಿಯುವುದೇ, ಹಸಿವು ಕೊಲ್ಲುವುದೇ, ಮಾಸು ದಾಟಿ ಮಗುವಿಗೆ ತಲುಪುವುದೇ. ಚೀಟಿಯಿಲ್ಲ, ಪ್ರಮಾಣದ ಲೆಕ್ಕವಿಲ್ಲ, ನಿಲ್ಲಿಸುವಂತೆ ಹೇಳುವ ವೈದ್ಯರಿಲ್ಲ. ಇದು ದುಶ್ಚಟವೆಂದು ಬಳಸುವವರಿಗೆ ಅನ್ನಿಸುವುದೂ ಇಲ್ಲ, ಯಾಕೆಂದರೆ ಇದು ಹಲ್ಲುಜ್ಜುವ ಪುಡಿ. ಗಂಡಸು ಬೀಡಿ ಸೇದಿದರೆ ಎಲ್ಲರಿಗೂ ಕಾಣುತ್ತದೆ, ಹೆಂಗಸು ಮೋರಿಯ ಪಕ್ಕ ಕೂತು ಮಶೇರಿ ಉಜ್ಜಿದರೆ ಮುಖ ತೊಳೆಯುತ್ತಿದ್ದಾಳೆ ಎಂದಷ್ಟೇ ಕಾಣುತ್ತದೆ. ಹಲ್ಲುನೋವಿಗೆ ಒಳ್ಳೆಯದು, ಹೊಟ್ಟೆ ಸಲೀಸಾಗುತ್ತದೆ, ಹಸಿವು ತಡೆಯುತ್ತದೆ ಎಂದು ತಾಯಿಯಿಂದ ಮಗಳಿಗೆ ಬಂದ ರೂಢಿ. ಕರ್ನಾಟಕದ ಗಡಿಯಲ್ಲೂ ಹೊಗೆಸೊಪ್ಪು ಹೊಸದಲ್ಲ. ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಅದರದೇ ಪೇಟೆ, ನಮ್ಮ ಹಳ್ಳಿಗಳಲ್ಲಿ ಎಲೆಅಡಿಕೆಯ ಜತೆ ಕಡ್ಡಿಪುಡಿ ಹಾಕಿಕೊಳ್ಳುವ ಹೆಂಗಸರು ಇದ್ದೇ ಇದ್ದಾರೆ.

ಇದರ ಪರಿಣಾಮದ ಬಗ್ಗೆ ಅನುಮಾನಕ್ಕೆ ಜಾಗ ಕಡಿಮೆ. 2004ರಲ್ಲಿ ಪ್ರಕಾಶ್ ಗುಪ್ತಾ ಮತ್ತು ಶ್ರೀವಿದ್ಯಾ ಅವರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನ ನಡೆದದ್ದು ಇಲ್ಲಿಂದ ಒಂದು ಲೋಕಲ್ ರೈಲಿನ ದೂರದ ಮುಂಬೈಯಲ್ಲೇ. 1217 ಗರ್ಭಿಣಿಯರನ್ನು ಅವರು ಹೆರಿಗೆಯವರೆಗೆ ಹಿಂಬಾಲಿಸಿದರು. ಹೊಗೆಯಿಲ್ಲದ ತಂಬಾಕು ಬಳಸುತ್ತಿದ್ದವರಲ್ಲಿ ಬಹುಪಾಲು ಮಂದಿಯದು ಮಿಶ್ರಿ. ಅವರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು. ಹೆರಿಗೆ ಸರಾಸರಿ 6 ದಿನ ಮುಂಚೆ ಆಗಿತ್ತು. ದಿನ ತುಂಬುವುದಕ್ಕೆ ಬಹಳ ಮೊದಲೇ, 32 ವಾರಕ್ಕೂ ಮುಂಚೆ ಹೆರಿಗೆಯಾಗುವ ಸಾಧ್ಯತೆ ಹಲವು ಪಟ್ಟು ಹೆಚ್ಚಿತ್ತು. ಅದೇ ಗುಂಪಿನ ಬಗ್ಗೆ ಎರಡು ವರ್ಷದ ನಂತರ ಬಂದ ಇನ್ನೊಂದು ವರದಿಯಲ್ಲಿ ಸತ್ತು ಹುಟ್ಟುವ ಮಕ್ಕಳ ಪ್ರಮಾಣವೂ ತಂಬಾಕು ಬಳಸುವವರಲ್ಲಿ ಎರಡೂವರೆ ಪಟ್ಟಿನಷ್ಟು ಎಂದು ಕಂಡುಬಂತು.

ಹಲ್ಲಿನ ಮಾತು ಇಲ್ಲಿ ಬಲು ಸಣ್ಣದಾಗಿ ಕಾಣುತ್ತದೆ. ಮಗುವಿನ ಜೀವವೇ ಪಣಕ್ಕಿರುವಾಗ ಎನಾಮೆಲ್ ಬಗ್ಗೆ ಯಾಕೆ ಚಿಂತೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರ ಎರಡು ತೆರನದು. ಒಂದು, ಹೆಚ್ಚಿನ ಮಕ್ಕಳು ಬದುಕುತ್ತವೆ. ತೂಕ ಕಡಿಮೆಯಾಗಿ, ಬೇಗ ಹುಟ್ಟಿ ಬದುಕಿದ ಮಗುವಿನ ಮೊದಲ ಹಲ್ಲಿನಲ್ಲಿ ಕುಳಿ, ಬಿಳಿ ಮಚ್ಚೆ, ಒರಟು ಮೈ ಕಾಣುವ ಸಾಧ್ಯತೆ ಹೆಚ್ಚು. ಅಂಥ ಹಲ್ಲಿಗೆ ಹುಳುಕು ಬೇಗ ಹಿಡಿಯುತ್ತದೆ. ಹಲ್ಲುನೋವಿನ ಮೂರು ವರ್ಷದ ಮಗು ಉಣ್ಣುವುದಿಲ್ಲ, ಮಲಗುವುದಿಲ್ಲ, ಬೆಳೆಯುವುದೂ ನಿಧಾನ. ಎರಡು, ಹಲ್ಲು ಕಣ್ಣಿಗೆ ಕಾಣುತ್ತದೆ. ಮಾಸಿನ ರಕ್ತ ಕಡಿಮೆಯಾಯಿತು ಎಂದರೆ ಅರ್ಥವಾಗದ ಅಜ್ಜಿಗೂ ಮೊಮ್ಮಗಳ ಹಲ್ಲು ತೋರಿಸಿ ಮಾತಾಡಬಹುದು. ಹಲ್ಲು ಚೆನ್ನಾಗಿರಲೆಂದೇ ಉಜ್ಜುವ ಪುಡಿ ಮೊಮ್ಮಗುವಿನ ಹಲ್ಲಿಗೇ ಕುತ್ತು ತರಬಹುದೆಂಬ ಮಾತು ಮಶೇರಿಯ ಮನೆಗಳಲ್ಲಿ ಮನಸ್ಸಿಗೆ ನಾಟೀತು.

ಕಾನೂನು ಇದನ್ನು ಎಂದೋ ಮುಗಿಸಿಬಿಟ್ಟಿದೆ ಎಂದುಕೊಂಡಿರುವವರೂ ಇದ್ದಾರೆ. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬಳಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿತು. ಮಹಾರಾಷ್ಟ್ರ 2012ರಲ್ಲಿ ಗುಟ್ಕಾ ನಿಷೇಧಿಸಿತು. ಆದರೆ ಮಶೇರಿ ಕಂಪನಿಯ ಡಬ್ಬಿಯಲ್ಲಿ ಬರಬೇಕಾಗಿಲ್ಲ. ಬಿಡಿ ಹೊಗೆಸೊಪ್ಪನ್ನು ಅಂಗಡಿಯಿಂದ ತಂದು ಮನೆಯ ತವಾದಲ್ಲಿ ಹುರಿದರೆ ಮುಗಿಯಿತು. ಆ ತವಾಕ್ಕೆ ಯಾವ ಎಚ್ಚರಿಕೆಯ ಚಿತ್ರವೂ ಅಂಟಿರುವುದಿಲ್ಲ. ನಿಷೇಧ ತಲುಪದ ಅಡುಗೆಮನೆಗೆ ಮಾತು ತಲುಪಬೇಕು. ಮಾತು ತಲುಪಿಸಬಲ್ಲವರು ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ದಾದಿಯರು.

ಇಲ್ಲೇ ಮೂರ್ನಾಲ್ಕು ಪ್ರಶ್ನೆಯ ಮಾತು ಬರುವುದು. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ನಡೆಯುತ್ತದೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಇದು. ತೂಕ, ರಕ್ತದೊತ್ತಡ, ರಕ್ತದ ಅಂಶ, ಮೂತ್ರ ನೋಡುತ್ತಾರೆ. ಅದೇ ಸಾಲಿನಲ್ಲಿ ಕೇಳಲಿ: ಬೇರೆ ಯಾವ ಮಾತ್ರೆ ತಗೊಳ್ತೀರಿ, ಮನಸ್ಸಿಗೆ, ನಿದ್ದೆಗೆ, ಎಚ್ಚರಕ್ಕೆ ಏನಾದರೂ ಇದೆಯೇ? ಹಲ್ಲಿಗೆ ಏನು ಉಜ್ಜುತ್ತೀರಿ? ದಿನಕ್ಕೆ ಎಷ್ಟು ಸಲ? ಒಮ್ಮೆ ಬಾಯಿ ತೆರೆಯಿರಿ, ನೋಡೋಣ. 'ತಂಬಾಕು ಬಳಸುತ್ತೀರಾ' ಎಂದು ಕೇಳಿದರೆ ಮಶೇರಿಯವಳು ಇಲ್ಲ ಎನ್ನುತ್ತಾಳೆ, ಆಕೆ ಸುಳ್ಳೇನೂ ಹೇಳುತ್ತಿಲ್ಲ. 'ಹಲ್ಲಿಗೆ ಏನು ಉಜ್ಜುತ್ತೀರಿ' ಎಂದರೆ ನಿಜ ಹೊರಬರುತ್ತದೆ. 'ಡ್ರಗ್ಸ್' ಎಂದು ಕೇಳಿದರೆ ಐಟಿಯವಳು ಬೆಚ್ಚುತ್ತಾಳೆ. 'ಎಚ್ಚರಕ್ಕೆ ಮಾತ್ರೆ' ಎಂದು ಸಹಜವಾಗಿ ಕೇಳಿದರೆ ಹೇಳುತ್ತಾಳೆ.

ಖಾಸಗಿ ನರ್ಸಿಂಗ್ ಹೋಮುಗಳಿಗೂ ಈ ಮಾತು ಸಲ್ಲುತ್ತದೆ. ಐಟಿ ಪಾರ್ಕಿನವಳು ಹೋಗುವುದು ಅಲ್ಲಿಗೇ. ಅಲ್ಲಿ ಸ್ಕ್ಯಾನಿಂಗ್‌ಗೆ ಸಮಯವಿದೆ, ಮಾತಿಗಿಲ್ಲ. ಮನೋವೈದ್ಯರ ಚೀಟಿ ಸ್ತ್ರೀರೋಗ ತಜ್ಞರಿಗೆ ಕಾಣುವುದಿಲ್ಲ, ಇವರ ಚೀಟಿ ಅವರಿಗೆ ಕಾಣುವುದಿಲ್ಲ. ಇಬ್ಬರೂ ತಮ್ಮ ರಕ್ಷಣೆಗೆ 'ಎಲ್ಲ ನಿಲ್ಲಿಸಿ' ಎನ್ನುವುದೇ ಸುಲಭದ ದಾರಿ. ಏನಾದರೂ ಆದರೆ ಹೊಣೆ ತಮ್ಮ ಮೇಲೆ ಬರುವುದಿಲ್ಲ. ಆದರೆ ನಿಲ್ಲಿಸಿದ್ದರಿಂದ ಆಗುವ ಕೇಡನ್ನು ಒಬ್ಬಳೇ ಹೊರಬೇಕಾದವಳು ತಾಯಿ. ಎರಡು ಕಡೆಯ ವೈದ್ಯರು ಒಂದು ಫೋನ್ ಕರೆ ಮಾಡಿ ಮಾತಾಡಿಕೊಳ್ಳಲಿ ಎಂದು ಕೇಳುವುದು ಅತಿಯಾಸೆಯಲ್ಲ.

ಹಲ್ಲಿಗೆ ಒಳ್ಳೆಯದಾಗುವ ಕೆಲಸಗಳಲ್ಲಿ ಕೆಲವು ಈಗಾಗಲೇ ಸರ್ಕಾರದ ಕಾಗದದಲ್ಲಿವೆ. ಕೇಂದ್ರದ 2014ರ ಮಾರ್ಗಸೂಚಿಯ ಪ್ರಕಾರ 14ನೇ ವಾರದಿಂದ ಹೆರಿಗೆಯಾಗಿ ಆರು ತಿಂಗಳವರೆಗೆ ಪ್ರತಿ ಮಹಿಳೆಗೂ ದಿನಕ್ಕೆ 1 ಗ್ರಾಂ ಕ್ಯಾಲ್ಸಿಯಂ ಮತ್ತು 500 ಯೂನಿಟ್ ಡಿ ಜೀವಸತ್ವ ಕೊಡಬೇಕು. ಗರ್ಭದ ರಕ್ತದೊತ್ತಡ ಮತ್ತು ಮೂಳೆಗಳನ್ನು ಗಮನದಲ್ಲಿಟ್ಟು ಮಾಡಿದ ನಿಯಮವಿದು. ಹಾಲುಹಲ್ಲಿಗೆ ಕ್ಯಾಲ್ಸಿಯಂ ಸೇರತೊಡಗುವುದೂ ಅದೇ ವಾರಗಳಲ್ಲಿ. ಡೆನ್ಮಾರ್ಕಿನಲ್ಲಿ 623 ಗರ್ಭಿಣಿಯರ ಮೇಲೆ ನಡೆದ ಪ್ರಯೋಗವೊಂದರ ಫಲಿತಾಂಶ 2019ರಲ್ಲಿ ಬಂತು. ಕೊನೆಯ ತಿಂಗಳುಗಳಲ್ಲಿ ಹೆಚ್ಚು ಪ್ರಮಾಣದ ಡಿ ಜೀವಸತ್ವ ಪಡೆದವರ ಮಕ್ಕಳಲ್ಲಿ ಆರನೇ ವಯಸ್ಸಿಗೆ ಎನಾಮೆಲ್ ದೋಷ ಸುಮಾರು ಅರ್ಧದಷ್ಟೇ ಇತ್ತು. ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ. ಆದರೆ ಮುಂಜಾನೆ ಲೋಕಲ್ ಹತ್ತಿ ಎಸಿ ಕಚೇರಿ ಸೇರಿ ಕತ್ತಲಾದ ಮೇಲೆ ಮನೆಗೆ ಬರುವವಳಿಗೂ, ಸೂರ್ಯ ಇಣುಕದ ಓಣಿಯ ಮನೆಯವಳಿಗೂ ಅದು ದಕ್ಕುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನು ಕಬ್ಬಿಣದ ಮಾತ್ರೆಯ ಜತೆ ಒಟ್ಟಿಗೆ ನುಂಗಬಾರದು, ಬೇರೆ ಹೊತ್ತಿಗೆ ನುಂಗಬೇಕು ಎಂದು ಕೈಗೆ ಕೊಡುವಾಗ ಹೇಳುವುದೂ ಚಿಕಿತ್ಸೆಯ ಭಾಗವೇ.

ಉಳಿಯುವುದು ಗೊತ್ತಿಲ್ಲದ ಪ್ರಶ್ನೆಗಳಿಗೆ ಉತ್ತರ ಹುಡುಕುವ ಕೆಲಸ. 1961ರ ಕೊನೆಗೆ ಜರ್ಮನಿಯಲ್ಲಿ ಥಾಲಿಡೊಮೈಡ್ ಹಿಂತೆಗೆದುಕೊಂಡ ನಂತರ, ಗರ್ಭಿಣಿಯರನ್ನು ಔಷಧ ಪ್ರಯೋಗಗಳಿಂದ ಹೊರಗಿಡುವುದೇ ಕ್ಷೇಮ ಎಂದಾಯಿತು. ಅದರಿಂದ ಅವರು ಔಷಧ ತೆಗೆದುಕೊಳ್ಳುವುದು ನಿಲ್ಲಲಿಲ್ಲ. ತೆಗೆದುಕೊಂಡಾಗ ಏನಾಗುತ್ತದೆ ಎಂದು ಬರೆದಿಡುವುದು ನಿಂತಿತು ಅಷ್ಟೇ. ಭಾರತದಲ್ಲಿ ಔಷಧಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ಇದೆ. ಶಾಲೆ, ಅಂಗನವಾಡಿಗಳಿಗೆ ಹೋಗಿ ಮಕ್ಕಳ ಆರೋಗ್ಯ ನೋಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ, ಅದರ ಪಟ್ಟಿಯಲ್ಲಿ ಹಲ್ಲಿನ ತೊಂದರೆಯೂ ಸೇರಿದೆ. ಗರ್ಭದಲ್ಲಿದ್ದಾಗ ತಾಯಿ ತೆಗೆದುಕೊಂಡ ಔಷಧದ ಒಂದು ಸಾಲು ತಾಯಿ ಕಾರ್ಡಿನಲ್ಲಿ ಉಳಿದು, ಮಗುವಿನ ಹಲ್ಲು ನೋಡುವವರ ಕೈಗೆ ತಲುಪಿದರೆ ಹತ್ತು ವರ್ಷದಲ್ಲಿ ಈ ದೇಶಕ್ಕೆ ತನ್ನದೇ ಉತ್ತರ ಇರುತ್ತದೆ. ಟೆಟ್ರಾಸೈಕ್ಲಿನ್ ವಿಷಯ ಹೊರಬಂದದ್ದು ಇಂಥದೇ ಸಾದಾ ಕೆಲಸದಿಂದ.

ಹೀಗೆ ಕೇಳಿ ಬರೆದಿಟ್ಟರೆ ತಾಯಂದಿರ ಮೇಲೆ ಇನ್ನಷ್ಟು ಹೊರೆ, ಇನ್ನಷ್ಟು ಅಪರಾಧಭಾವ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಮಗುವಿಗೆ ಏನೇ ಆದರೂ 'ಬಸುರಿಯಾಗಿದ್ದಾಗ ಏನು ತಿಂದೆ' ಎಂದು ಕೇಳುವ ಮನೆಗಳು ನಮ್ಮವು. ಅದಕ್ಕೇ ಪ್ರಶ್ನೆ ಕೇಳುವವರ ದನಿ ಮುಖ್ಯ. ಮಶೇರಿ ಹಸಿದ ಹೊಟ್ಟೆಗೆ ಸಿಕ್ಕ ಅಗ್ಗದ ಆಸರೆ. ಎಚ್ಚರದ ಮಾತ್ರೆ ನಿದ್ದೆಗೆಡಿಸುವ ಪಾಳಿಯ ಫಲ. ಬಿಡಿ ಎಂದು ಹೇಳುವವರು ಬಿಡಲು ನೆರವಾಗಬೇಕು: ಒಬ್ಬಳಿಗೆ ಮಧ್ಯಾಹ್ನದ ಊಟ, ತಂಬಾಕು ಬಿಡಿಸುವ ಸಲಹೆ, ಇನ್ನೊಬ್ಬಳಿಗೆ ಹಗಲಿನ ಪಾಳಿ. ಗರ್ಭಿಣಿ ಉದ್ಯೋಗಿಗೆ ರಾತ್ರಿ ಪಾಳಿ ಬದಲಿಸಿಕೊಡಲು ಕಚೇರಿಗೆ ಒಂದು ಇಮೇಲ್ ಸಾಕು.

ಐಟಿ ಪಾರ್ಕಿನವಳಿಗೆ ಈಗ ಹೇಳಬೇಕಾದದ್ದು ಇಷ್ಟು: ಮಾತ್ರೆಯಿಂದ ಮಗುವಿನ ಹಲ್ಲು ಕೆಡುತ್ತದೆ ಎಂದು ಹೇಳಲು ಆಧಾರವಿಲ್ಲ, ತಾನಾಗಿ ನಿಲ್ಲಿಸಬೇಡ, ವೈದ್ಯರೊಂದಿಗೆ ಕೂತು ತೀರ್ಮಾನಿಸು, ಹೊಟ್ಟೆ ತುಂಬ ಉಣ್ಣು, ರಕ್ತದೊತ್ತಡ ತೂಕ ನೋಡಿಸುತ್ತಿರು, ನಿನ್ನ ಹಲ್ಲು ತೋರಿಸಿಕೋ. ನೆಲ ಒರೆಸುವವಳಿಗೆ ಹೇಳಬೇಕಾದದ್ದು: ಆ ಪುಡಿ ಹಲ್ಲಿಗೆ ಒಳ್ಳೆಯದಲ್ಲ, ಹೊಟ್ಟೆಯಲ್ಲಿರುವ ಮಗುವಿಗೆ ಕೆಡುಕು, ಇಂದು ಒಂದು ಸಲ ಕಡಿಮೆ ಮಾಡು, ಬಿಡುವವರೆಗೂ ನಾವು ಜತೆಗಿರುತ್ತೇವೆ. ಮೊದಲನೆಯವಳು ಉತ್ತರ ಹುಡುಕುತ್ತಲೇ ಇದ್ದಾಳೆ, ಆಕೆಗೆ ಇಂದಲ್ಲ ನಾಳೆ ಸರಿಯಾದವರು ಸಿಕ್ಕಾರು. ಎರಡನೆಯವಳನ್ನು ಹುಡುಕಿಕೊಂಡು ಹೋಗಬೇಕಾದವರು ಆಸ್ಪತ್ರೆಯವರೇ. ಮುಂದಿನ 9ನೇ ತಾರೀಕಿನ ಸಾಲಿನಲ್ಲಿ ಆಕೆ ನಿಂತಿರುತ್ತಾಳೆ.